‘ಆಗಲ್ಲ’ ಅಂದವರ ಸಿನಿಮಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಏಳೆಂಟು ಗೆಳೆಯರು ಸೇರಿ ತಿಂಗಳಿಗೊಂದು ಭಾನುವಾರ ಸಂಜೆ ನಮ್ಮೂರಿನ ಒಂದು ಹಾಲ್‌ನಲ್ಲಿ ಸಿನಿಮಾ ತೋರಿಸುತ್ತೇವೆ. ಹೆಚ್ಚಿನವು ಕನ್ನಡದವು, ನಡುನಡುವೆ ಬೇರೆ ಭಾಷೆಯವು. ಅನ್ಯಾಯ ಕಂಡಾಗ ಯಾರೋ ಒಬ್ಬರು ಅದಕ್ಕೆ ಒಗ್ಗಿಕೊಳ್ಳದೆ ನಿಲ್ಲುವ ಕಥೆಗಳನ್ನೇ ಜಾಸ್ತಿ ಆರಿಸುತ್ತೇವೆ. ಮುಗಿದ ಮೇಲೆ ಟೀ ಕುಡಿಯುತ್ತಾ ಜನ ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಥರ ಇರುತ್ತವೆ. ಅವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೆಲವು ಕಡೆ ಕಥೆಯ ಕೊನೆಯನ್ನು ಹೇಳದೆ ಮಾತು ಮುಂದೆ ಹೋಗುವುದಿಲ್ಲ. ಸಿನಿಮಾ ನೋಡಿಲ್ಲದವರು ಸ್ವಲ್ಪ ಹುಷಾರಾಗಿ ಓದಿ.

ಅನ್ಯಾಯದ ವಿರುದ್ಧ ಹೀರೋ ಹೊಡೆದಾಡುವ ಸಿನಿಮಾಗಳೆಲ್ಲ ಇದರಲ್ಲಿ ಬರುತ್ತವಾ?

ಬರಬಹುದು. ಆದರೆ ನಾವು ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇವೆ. ಈ ಮನುಷ್ಯ ಸರಿ ಅನ್ನಿಸಿದ್ದನ್ನು ಮಾಡಿದರೆ ಏನನ್ನು ಕಳೆದುಕೊಳ್ಳುತ್ತಾನೆ? ಹತ್ತು ಜನರನ್ನು ಒಂದೇ ಏಟಿಗೆ ಕೆಡವುವವನಿಗೆ ಕಳೆದುಕೊಳ್ಳುವ ಭಯವೇ ಇರುವುದಿಲ್ಲ. ಮನೆ, ಕೆಲಸ, ಊರಿನ ಜನರ ಮಾತು, ಮಕ್ಕಳ ಊಟ, ಇವೆಲ್ಲ ತಲೆಯಲ್ಲಿ ಇಟ್ಟುಕೊಂಡೂ ‘ಇದು ನನ್ನಿಂದ ಆಗಲ್ಲ’ ಅನ್ನುವವರನ್ನು ನೋಡುವಾಗ ನಮ್ಮ ಹೊಟ್ಟೆಯಲ್ಲೂ ಏನೋ ಹಿಡಿದಂತಾಗುತ್ತದೆ. ಅಂಥವರು ಎಷ್ಟೋ ಸಲ ಗೆಲ್ಲುವುದೂ ಇಲ್ಲ.

ಮೊದಲು ಯಾವ ಸಿನಿಮಾ ನೋಡಲಿ?

‘ದ್ವೀಪ’. ಗಿರೀಶ್ ಕಾಸರವಳ್ಳಿ ನಿರ್ದೇಶನ, 2002. ನಾ. ಡಿಸೋಜ ಅವರ ಕಾದಂಬರಿ ಆಧಾರ. ಅಣೆಕಟ್ಟು ಕಟ್ಟುತ್ತಾರೆ, ಹಿನ್ನೀರು ಏರುತ್ತದೆ, ಊರು ಖಾಲಿಯಾಗುತ್ತದೆ. ಗುಡ್ಡದ ಮೇಲೆ ಒಂದೇ ಸಂಸಾರ ಉಳಿಯುತ್ತದೆ. ಮಳೆ ನಿಲ್ಲುವುದಿಲ್ಲ. ಆ ಮನೆಯ ಸೊಸೆ ನಾಗಿ ಹಗಲು ರಾತ್ರಿ ಒದ್ದಾಡಿ ಸಂಸಾರ ಉಳಿಸುತ್ತಾಳೆ. ಕೊನೆಗೆ ನೀರು ಇಳಿದಾಗ ಗಂಡ ಗಣಪ ಏನು ಹೇಳುತ್ತಾನೆ ಗೊತ್ತಾ? ಎಲ್ಲ ದೇವರ ದಯೆ ಅನ್ನುತ್ತಾನೆ. ಆ ಮಾತು ಕೇಳಿದಾಗಿನ ನಾಗಿಯ ಮುಖವನ್ನು ಸುಮ್ನೆ ಒಮ್ಮೆ ನೋಡಿ. ನಮ್ಮ ಹಾಲ್‌ನಲ್ಲಿ ಆ ಗಳಿಗೆಯಲ್ಲಿ ಹೆಂಗಸರ ಸಾಲಿನಿಂದ ಒಂದು ನಿಟ್ಟುಸಿರು ಕೇಳಿಸಿತು. ಒಬ್ಬರದ್ದಲ್ಲ, ಹಲವರದ್ದು.

ನಾಗಿಯ ಪಾತ್ರ ಮಾಡಿದ ಸೌಂದರ್ಯ ಅವರೇ ಈ ಸಿನಿಮಾದ ನಿರ್ಮಾಪಕಿ. ಆಗ ಅವರು ದಕ್ಷಿಣದ ದೊಡ್ಡ ತಾರೆ. ಅಂಥ ಹೊತ್ತಿನಲ್ಲಿ ಮುಳುಗಡೆಯ ಕಥೆಗೆ ತಮ್ಮ ಹಣ ಹಾಕಿದರು. ಅತ್ಯುತ್ತಮ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯ ಸ್ವರ್ಣ ಕಮಲವೂ ಬಂತು.

‘ಸಂಸ್ಕಾರ’ಕ್ಕೆ ಯಾಕೆ ಅಷ್ಟು ಗಲಾಟೆ ಆಯಿತು?

1970ರ ಸಿನಿಮಾ. ಯು.ಆರ್. ಅನಂತಮೂರ್ತಿ ಅವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ. ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ನಾರಣಪ್ಪನ ಜೊತೆ ಬದುಕಿದ ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಮದ್ರಾಸಿನ ಸೆನ್ಸಾರ್ ಮಂಡಳಿ ಜನರ ನಡುವೆ ಮನಸ್ತಾಪ ಆಗುತ್ತದೆ ಅಂತ ಇದನ್ನು ತಡೆಯಿತು. ಆಮೇಲೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಆ ತಡೆ ತೆಗೆಯಿತು. ಅದೇ ಸಿನಿಮಾಗೆ ಆ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರ ಪ್ರಶಸ್ತಿ ಸಿಕ್ಕಿತು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಕಥೆ ನಿಮಗೆ ಗೊತ್ತಿರಬಹುದು. ಅಗ್ರಹಾರದಲ್ಲಿ ಕಟ್ಟುಕಟ್ಟಳೆ ಮುರಿದು ಬದುಕಿದ ನಾರಣಪ್ಪ ಸಾಯುತ್ತಾನೆ. ಹೆಣ ಸುಡುವವರು ಯಾರು ಅನ್ನುವ ಚರ್ಚೆ ಶುರುವಾಗುತ್ತದೆ. ಹೆಣ ಎತ್ತುವ ತನಕ ಯಾರೂ ಊಟ ಮಾಡುವ ಹಾಗಿಲ್ಲ. ಎಲ್ಲರಿಗೂ ಹಸಿವು, ಆದರೆ ಯಾರೂ ಮುಂದೆ ಬರುವುದಿಲ್ಲ. ಖರ್ಚಿಗೆ ಅಂತ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿ ಇಟ್ಟಾಗ ಮಾತ್ರ ಕೆಲವರ ಕಣ್ಣು ಅರಳುತ್ತದೆ!

ಈ ಕಥೆಯ ಬಗ್ಗೆ ಬಂದ ಬರಹಗಳೆಲ್ಲ ಪ್ರಾಣೇಶಾಚಾರ್ಯರ ತಳಮಳದ ಸುತ್ತಲೇ ತಿರುಗುತ್ತವೆ. ನನಗೆ ದೊಡ್ಡವಳಾಗಿ ಕಾಣುವುದು ಚಂದ್ರಿ. ಪಂಡಿತರು ಗ್ರಂಥದಲ್ಲಿ ಉತ್ತರ ಹುಡುಕುತ್ತಿದ್ದಾಗ ಅವಳು ರಾತ್ರಿಯಲ್ಲಿ ಒಬ್ಬಳೇ ಹೋಗಿ ಸಹಾಯ ಕೇಳುತ್ತಾಳೆ. ನಾರಣಪ್ಪನ ಗೆಳೆತನ ಮರೆಯದ ಒಬ್ಬ ಮುಸ್ಲಿಂ ವ್ಯಾಪಾರಿ ಅವಳಿಗೆ ನೆರವಾಗುತ್ತಾನೆ. ಹೆಣ ಸುಟ್ಟು ಆಗಿಬಿಡುತ್ತದೆ. ಅಗ್ರಹಾರಕ್ಕೆ ಅದರ ಸುದ್ದಿಯೂ ಇಲ್ಲ, ಅಲ್ಲಿ ಚರ್ಚೆ ನಡೆದೇ ಇರುತ್ತದೆ. ಸತ್ತ ಮನುಷ್ಯನಿಗೆ ಮಾಡಬೇಕಾದ್ದನ್ನು ಅವಳು ಮಾಡಿದಳು, ಅಷ್ಟೇ.

ಚಂದ್ರಿ ಪಾತ್ರ ಮಾಡಿದವರು ಜೈಲಿಗೆ ಹೋಗಿದ್ದರಂತೆ, ನಿಜವಾ?

ನಿಜ. ಸ್ನೇಹಲತಾ ರೆಡ್ಡಿ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಅವರ ಹೆಂಡತಿ. ರಂಗಭೂಮಿಯವರು, ಸಮಾಜವಾದಿ ಗೆಳೆಯರ ಬಳಗದವರು. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಅವರನ್ನು ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಅಂದರೆ ಈಗಿನ ಫ್ರೀಡಂ ಪಾರ್ಕ್ ಇರುವ ಜಾಗ. ಅವರಿಗೆ ಜೋರು ಅಸ್ತಮಾ ಇತ್ತು. ಸುಮಾರು ಎಂಟು ತಿಂಗಳು ಒಳಗಿದ್ದರು. ಅಲ್ಲಿ ಡೈರಿ ಬರೆದರು, ಜೊತೆಗಿದ್ದ ಬಡ ಹೆಂಗಸರ ಸ್ಥಿತಿ ಸುಧಾರಿಸಲಿ ಅಂತ ಜಗಳ ಮಾಡಿದರು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ, ಜನವರಿ 20ರಂದು, ತೀರಿಕೊಂಡರು.

ನಾನು ‘ಸಂಸ್ಕಾರ’ವನ್ನು ಎರಡನೇ ಸಲ ನೋಡಿದ್ದು ಇದನ್ನು ತಿಳಿದ ಮೇಲೆ. ಚಂದ್ರಿ ಕತ್ತಲಲ್ಲಿ ನಡೆದು ಹೋಗುವ ದೃಶ್ಯದಲ್ಲಿ ನನಗೆ ಸ್ನೇಹಲತಾ ಅವರೇ ಕಂಡರು. ಈಗಲೂ ಫ್ರೀಡಂ ಪಾರ್ಕ್‌ಗೆ ಯಾವುದಾದರೂ ಧರಣಿಗೆ ಹೋದಾಗ ಅವರ ನೆನಪಾಗುತ್ತದೆ.

‘ಚೋಮನ ದುಡಿ’ಯಲ್ಲಿ ಚೋಮ ಗೆಲ್ಲುವುದೇ ಇಲ್ಲ. ಅದರಲ್ಲಿ ಧೈರ್ಯ ಎಲ್ಲಿದೆ?

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕಾಲೇಜು ಹುಡುಗರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಚೋಮನಿಗೆ ಬೇಕಾದ್ದು ಒಂದೇ, ಉಳುವುದಕ್ಕೆ ಒಂದು ತುಂಡು ಭೂಮಿ. ಕಟ್ಟಿಕೊಂಡ ಎತ್ತುಗಳಿವೆ, ಮೈಯಲ್ಲಿ ಕಸುವಿದೆ. ಆದರೆ ಹುಟ್ಟಿದ ಜಾತಿಯವರು ಬೇಸಾಯ ಮಾಡಬಾರದು ಅನ್ನುವುದು ಊರಿನ ಕಟ್ಟಳೆ. ದುಡಿಯಬಹುದು, ಒಡೆಯನಾಗಬಾರದು. ಅಂಥ ಊರಿನಲ್ಲಿ ‘ನನಗೂ ಒಂದು ಗದ್ದೆ ಬೇಕು’ ಅಂತ ಬಾಯಿಬಿಟ್ಟು ಕೇಳುವುದೇ ಧೈರ್ಯ. ಅವನ ಮಗ ನೀರಿನಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆ ಅಂತ ದಡದಲ್ಲಿ ನಿಂತವರು ಕೈ ಚಾಚುವುದಿಲ್ಲ. ಆ ದೃಶ್ಯ ನೋಡಿದ ಮೇಲೆ ಚೋಮ ಯಾಕೆ ಗೆಲ್ಲಲಿಲ್ಲ ಅಂತ ಅವನನ್ನು ಕೇಳುವುದಕ್ಕೆ ನನಗಂತೂ ಮನಸ್ಸು ಬರಲಿಲ್ಲ.

ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ. ಬಿ.ವಿ. ಕಾರಂತರ ಸಿನಿಮಾ 1975ರದ್ದು. ಚೋಮನಾಗಿ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರ ಪ್ರಶಸ್ತಿ, ಸಿನಿಮಾಗೆ ಸ್ವರ್ಣ ಕಮಲ. ಇಸವಿಯನ್ನು ಒಮ್ಮೆ ಗಮನಿಸಿ. ದೇವರಾಜ ಅರಸು ಸರ್ಕಾರದ ಭೂ ಸುಧಾರಣೆ ತಿದ್ದುಪಡಿ ಜಾರಿಯಾದದ್ದು 1974ರಲ್ಲಿ. ‘ಉಳುವವನೇ ಹೊಲದೊಡೆಯ’ ಅನ್ನುವ ಮಾತು ಊರೂರಲ್ಲೂ ಕೇಳಿಸುತ್ತಿತ್ತು. ಗೇಣಿದಾರರಿಗೆ ಅದರಿಂದ ನಿಜವಾಗಿಯೂ ಭೂಮಿ ಸಿಕ್ಕಿತು. ಆದರೆ ಚೋಮ ಗೇಣಿದಾರನೇ ಅಲ್ಲ, ಜೀತದ ಆಳು. ಗೇಣಿ ಚೀಟಿಯೇ ಇಲ್ಲದವನು ಭೂಮಿ ಕೇಳುವ ಡಿಕ್ಲರೇಷನ್ ಅರ್ಜಿಯಲ್ಲಿ ಏನು ಬರೆಯಬೇಕು? ಕಾನೂನು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಚೋಮನ ಕಥೆ ಶುರುವಾಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ದಲಿತರ ಕಥೆಯನ್ನು ಬೇರೆಯವರೇ ಹೇಳುತ್ತಾ ಬಂದಿದ್ದಾರಲ್ಲ?

ಹೌದು, ಈ ಮಾತನ್ನು ತಳ್ಳಿಹಾಕಬೇಡಿ. 70ರ ದಶಕದ ನಮ್ಮ ಒಳ್ಳೆಯ ಸಿನಿಮಾಗಳಲ್ಲಿ ಹೆಚ್ಚಿನವು ಅಗ್ರಹಾರದ ಒಳಗಿನಿಂದ ಹುಟ್ಟಿದವು. ತಮ್ಮ ಮನೆಯ ಕೊಳೆಯನ್ನು ತಾವೇ ಎತ್ತಿ ತೋರಿಸಿದರು, ಅದಕ್ಕೂ ಎದೆಗಾರಿಕೆ ಬೇಕಿತ್ತು. ಆದರೆ ಕೇರಿಯ ಒಳಗಿನಿಂದ ನೋಡುವ ಕಣ್ಣು ಬೇರೆಯೇ.

ಅದಕ್ಕೆ ನಾವು ಎರಡು ಸಿನಿಮಾ ತೋರಿಸುತ್ತೇವೆ. ಒಂದು, ನಾಗರಾಜ್ ಮಂಜುಳೆ ಅವರ ಮರಾಠಿಯ ‘ಫಂಡ್ರಿ’, 2013. ಜಬ್ಯಾ ಅನ್ನುವ ಹುಡುಗನ ಮನೆಯವರು ಊರಿನ ಹಂದಿ ಹಿಡಿಯುವ ಕೆಲಸ ಮಾಡಬೇಕು. ಶಾಲೆಯ ಗೆಳೆಯರೆಲ್ಲ ನೋಡಿ ನಗುತ್ತಿರುತ್ತಾರೆ. ಹಂದಿ ಇನ್ನೇನು ಸಿಕ್ಕಿತು ಅನ್ನುವಾಗ ಶಾಲೆಯಿಂದ ರಾಷ್ಟ್ರಗೀತೆ ಕೇಳಿಸುತ್ತದೆ. ಇಡೀ ಮನೆಯವರು ಇದ್ದಲ್ಲೇ ನೆಟ್ಟಗೆ ನಿಲ್ಲುತ್ತಾರೆ. ಹಂದಿ ತಪ್ಪಿಸಿಕೊಂಡು ಹೋಗುತ್ತದೆ. ಆಮೇಲೆ ಅದೇ ಹಂದಿಯನ್ನು ಹಿಡಿದು, ಕೋಲಿಗೆ ಕಟ್ಟಿ ಹೊತ್ತುಕೊಂಡು ಶಾಲೆಯ ಗೋಡೆಯ ಪಕ್ಕ ನಡೆಯುತ್ತಾರೆ. ಗೋಡೆಯ ಮೇಲೆ ಅಂಬೇಡ್ಕರ್ ಚಿತ್ರವಿದೆ, ಸಾವಿತ್ರಿಬಾಯಿ ಫುಲೆ ಚಿತ್ರವಿದೆ. ಯಾರೂ ಭಾಷಣ ಮಾಡುವುದಿಲ್ಲ. ಕೊನೆಗೆ ಜಬ್ಯಾ ಎಸೆದ ಕಲ್ಲು ನೇರ ನಮ್ಮ ಕಡೆಗೇ ಬರುತ್ತದೆ.

ಇನ್ನೊಂದು, ಮಾರಿ ಸೆಲ್ವರಾಜ್ ಅವರ ತಮಿಳಿನ ‘ಪರಿಯೇರುಂ ಪೆರುಮಾಳ್’, 2018. ಕೊನೆಯ ದೃಶ್ಯದಲ್ಲಿ ಒಂದು ಬೆಂಚಿನ ಮೇಲೆ ಎರಡು ಟೀ ಲೋಟ, ನಡುವೆ ಒಂದು ಮಲ್ಲಿಗೆ ಹೂವು. ನಮ್ಮ ಹಳ್ಳಿ ಹೋಟೆಲುಗಳಲ್ಲಿ ಬೇರೆ ಲೋಟ ಇಟ್ಟಿದ್ದನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆರ್ಟ್ ಸಿನಿಮಾ ಅಂದ್ರೆ ನಿದ್ದೆ ಬರುತ್ತೆ. ಬೇರೆ ಥರದ್ದು ಇಲ್ವಾ?

ಇದೆ. ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’ ನೋಡಿ. ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿ ಜನರ ಮೇಲೆ ಒಂದು ಕಾರು ಹರಿಯುತ್ತದೆ. ಓಡಿಸಿದವನು ದೊಡ್ಡ ರಾಜಕಾರಣಿಯ ಮಗ. ರಾಜಕಾರಣಿಯಾಗಿ ಅನಂತ್‌ನಾಗ್, ಬೆನ್ನು ಹತ್ತುವ ಪತ್ರಕರ್ತನಾಗಿ ಶಂಕರ್‌ನಾಗ್. ಇಳಯರಾಜ ಸಂಗೀತ. ಸಾಮಾಜಿಕ ವಿಷಯದ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಬಂದಿದೆ. ಒಂದು ನಿಮಿಷವೂ ಬೋರ್ ಆಗುವುದಿಲ್ಲ. ನಾಲ್ಕು ದಶಕ ಆದರೂ ಪೇಪರ್ ತೆಗೆದರೆ ಇದೇ ಕಥೆ, ಅಲ್ವಾ?

ಹೊಸದು ಬೇಕು ಅಂದರೆ ಮಂಸೋರೆ ಅವರ ‘ಆಕ್ಟ್ 1978’. ಕಚೇರಿಗೆ ಅಲೆದು ಸುಸ್ತಾದ ತುಂಬು ಬಸುರಿ ಒಂದು ದಿನ ಸರ್ಕಾರಿ ಕಚೇರಿಯವರನ್ನೇ ಒತ್ತೆ ಇಟ್ಟುಕೊಳ್ಳುತ್ತಾಳೆ. ಯಜ್ಞಾ ಶೆಟ್ಟಿ ಅಭಿನಯ. 2020ರ ನವೆಂಬರ್‌ನಲ್ಲಿ, ಲಾಕ್‌ಡೌನ್ ಮುಗಿದು ಥಿಯೇಟರ್ ತೆರೆದಾಗ ಬಂದ ಮೊದಲ ಹೊಸ ಕನ್ನಡ ಸಿನಿಮಾ. ಒತ್ತೆ ಇಟ್ಟುಕೊಳ್ಳುವುದು ಸರಿಯಾ ಅಂತ ನಮ್ಮಲ್ಲಿ ಒಂದು ಗಂಟೆ ವಾದ ನಡೆಯಿತು. ನನಗೆ ಆ ದಾರಿ ಒಪ್ಪಿಗೆ ಇಲ್ಲ, ಆದರೆ ಅವಳ ಸಿಟ್ಟು ಪೂರ್ತಿ ಅರ್ಥವಾಗುತ್ತದೆ.

ನಿಜವಾಗಿ ನಡೆದ ಘಟನೆ ಮೇಲೆ ಮಾಡಿದ ಸಿನಿಮಾಗಳು ಯಾವುವು? ಅದರಲ್ಲಿ ಎಷ್ಟು ನಿಜ?

ಜಾಸ್ತಿ ಜನ ನೋಡಿರುವುದು ‘ಜೈ ಭೀಮ್’, 2021. ಟಿ.ಜೆ. ಜ್ಞಾನವೇಲ್ ನಿರ್ದೇಶನ, ಕನ್ನಡಕ್ಕೂ ಡಬ್ ಆಗಿದೆ. 1993ರಲ್ಲಿ ತಮಿಳುನಾಡಿನಲ್ಲಿ ಪೊಲೀಸ್ ವಶದಲ್ಲಿದ್ದ ರಾಜಾಕಣ್ಣು ಅನ್ನುವವರು ಸತ್ತ ಪ್ರಕರಣ ಅದರ ಆಧಾರ. ಆಗ ವಕೀಲರಾಗಿದ್ದ ಕೆ. ಚಂದ್ರು ಮದ್ರಾಸ್ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ವಶದಲ್ಲಿರುವವರನ್ನು ಕೋರ್ಟಿನ ಮುಂದೆ ತನ್ನಿ ಅನ್ನುವ ಅರ್ಜಿ) ಹಿಡಿದು ಹೋರಾಡಿದರು. ಮುಂದೆ ಅದೇ ಕೋರ್ಟಿನ ನ್ಯಾಯಮೂರ್ತಿಯಾದರು. ಒಂದು ವ್ಯತ್ಯಾಸ ಗೊತ್ತಿರಲಿ. ರಾಜಾಕಣ್ಣು ಕುರವ ಸಮುದಾಯದವರು, ಸಿನಿಮಾದಲ್ಲಿ ಇರುಳ ಸಮುದಾಯದವರು ಅಂತ ತೋರಿಸಿದ್ದಾರೆ.

ವಕೀಲನಾಗಿ ಸೂರ್ಯ ಅವರ ಕೋರ್ಟ್ ದೃಶ್ಯಗಳಿಗೆ ಜನ ಶಿಳ್ಳೆ ಹೊಡೆಯುತ್ತಾರೆ. ನನಗೆ ಮನಸ್ಸಿನಲ್ಲಿ ಉಳಿದದ್ದು ಬೇರೆ. ಠಾಣೆಗೆ ಎಳೆತಂದ ಸೆಂಗಣಿಯನ್ನು, ಅಂದರೆ ಸತ್ತವನ ಹೆಂಡತಿಯನ್ನು, ಮರ್ಯಾದೆಯಿಂದ ಮನೆಗೆ ಬಿಡಿ ಅಂತ ಮೇಲಿನಿಂದ ಆದೇಶ ಬರುತ್ತದೆ. ಪೊಲೀಸರು ಜೀಪು ಹತ್ತಮ್ಮ ಅಂತ ಗೋಗರೆಯುತ್ತಾರೆ. ತುಂಬು ಗರ್ಭಿಣಿ ಅವಳು. ಜೀಪಿನ ಕಡೆ ತಿರುಗಿಯೂ ನೋಡುವುದಿಲ್ಲ. ಮಗಳ ಕೈ ಹಿಡಿದು ನಡೆದೇ ಹೋಗುತ್ತಾಳೆ. ಜೀಪು ಹಿಂದಿನಿಂದ ಮೆಲ್ಲಗೆ ಬರುತ್ತಿರುತ್ತದೆ. ಲಿಜೊಮೋಳ್ ಜೋಸ್ ಆ ನಡಿಗೆಯಲ್ಲೇ ಎಲ್ಲವನ್ನೂ ಹೇಳಿಬಿಡುತ್ತಾರೆ.

ನಮ್ಮಲ್ಲಿ ಮಂಸೋರೆ ಅವರದೇ ‘19.20.21’ ಇದೆ, 2023ರದ್ದು. ಹೆಸರು ನೋಡಿ ತಾರೀಖು ಅಂದುಕೊಂಡು ಬಂದವರಿದ್ದಾರೆ. ಅದು ಸಂವಿಧಾನದ ಮೂರು ವಿಧಿಗಳ ಸಂಖ್ಯೆ. 19 ಮಾತಾಡುವ, ಓಡಾಡುವ ಸ್ವಾತಂತ್ರ್ಯದ್ದು. 20 ಅಪರಾಧದ ಆರೋಪ ಹೊತ್ತವರಿಗೆ ಇರುವ ರಕ್ಷಣೆಯದ್ದು. 21 ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನದ್ದು. 2012ರಲ್ಲಿ ಪಶ್ಚಿಮ ಘಟ್ಟದ ಕಾಡಂಚಿನ ಮಲೆಕುಡಿಯ ಸಮುದಾಯದ ವಿದ್ಯಾರ್ಥಿಯೊಬ್ಬರನ್ನು ನಕ್ಸಲ್ ನಂಟು ಅಂತ ಯುಎಪಿಎ ಅನ್ನುವ ಭಯೋತ್ಪಾದನೆ ತಡೆ ಕಾನೂನಿನ ಅಡಿಯಲ್ಲಿ ಬಂಧಿಸಿದ್ದರು, ಆ ಪ್ರಕರಣವೇ ಈ ಸಿನಿಮಾದ ಆಧಾರ. ಕೈಕೋಳದಲ್ಲೇ ಪರೀಕ್ಷೆಗೆ ಕರೆತಂದ ಫೋಟೋ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಮನೆಯಲ್ಲಿ ಸಿಕ್ಕ ‘ಸಾಕ್ಷ್ಯ’ಗಳಲ್ಲಿ ಭಗತ್ ಸಿಂಗ್ ಬಗೆಗಿನ ಪುಸ್ತಕವೂ ಇತ್ತು. 2021ರಲ್ಲಿ ಕೋರ್ಟು ಅವರನ್ನೂ ಅವರ ತಂದೆಯನ್ನೂ ಖುಲಾಸೆ ಮಾಡಿತು. ನಡುವೆ ಒಂಬತ್ತು ವರ್ಷ ಹೋಗಿತ್ತು.

ಕನ್ನಡದವರು ಬೇರೆ ಭಾಷೆಯಲ್ಲಿ ಮಾಡಿದ್ದು?

ಮೈಸೂರಿನ ಎಂ.ಎಸ್. ಸತ್ಯು ಅವರ ‘ಗರಂ ಹವಾ’. ದೇಶ ಇಬ್ಭಾಗವಾದ ಮೇಲೆ ಆಗ್ರಾದಲ್ಲಿ ಚಪ್ಪಲಿ ಕಾರ್ಖಾನೆ ನಡೆಸುವ ಸಲೀಂ ಮಿರ್ಜಾ ಹೋಗಬೇಕಾ, ಇರಬೇಕಾ ಅನ್ನುವ ಕಥೆ. ಬಿಡುಗಡೆ ಆದರೆ ಗಲಭೆ ಆಗುತ್ತದೆ ಅಂತ ತಿಂಗಳುಗಟ್ಟಲೆ ತಡೆ ಹಿಡಿದರು. ಬಿಡುಗಡೆ ಆದ ಮೇಲೆ ರಾಷ್ಟ್ರ ಪ್ರಶಸ್ತಿಯೇ ಬಂತು. ಮಿರ್ಜಾ ಪಾತ್ರದ ಬಲರಾಜ್ ಸಾಹ್ನಿ ಬಿಡುಗಡೆಗೆ ಮೊದಲೇ, 1973ರ ಏಪ್ರಿಲ್‌ನಲ್ಲಿ, ತೀರಿಕೊಂಡಿದ್ದರು. ಸತ್ಯು ಅವರ ಕನ್ನಡದ ‘ಬರ’ವನ್ನೂ ನೋಡಿ. ಬರಗಾಲದ ಜಿಲ್ಲೆಯಲ್ಲಿ ಒಬ್ಬ ಒಳ್ಳೆಯ ಅಧಿಕಾರಿ ಎಲ್ಲಿಯ ತನಕ ಒಳ್ಳೆಯವನಾಗಿರಬಲ್ಲ ಅಂತ ಅದು ಕೇಳುತ್ತದೆ.

ಮಕ್ಕಳಿಗೆ ಯಾವುದು ತೋರಿಸಬಹುದು?

ರಿಷಬ್ ಶೆಟ್ಟಿ ಅವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’, 2018. ಮುಚ್ಚುತ್ತಿರುವ ಕನ್ನಡ ಶಾಲೆಗಾಗಿ ಮಕ್ಕಳೇ ಕೋರ್ಟಿಗೆ ಹೋಗುತ್ತಾರೆ. ನಗುತ್ತಾ ನೋಡಬಹುದು. ಆಮೇಲೆ ಹದಿಮೂರು ಹದಿನಾಲ್ಕು ದಾಟಿದವರಿಗೆ ‘ಫಂಡ್ರಿ’.

‘ಘಟಶ್ರಾದ್ಧ’ದಲ್ಲೂ ಹುಡುಗನೊಬ್ಬ ಇದ್ದಾನೆ, ಆದರೆ ಅದು ಮಕ್ಕಳ ಸಿನಿಮಾ ಅಲ್ಲ. 1977ರದ್ದು, ಕಾಸರವಳ್ಳಿ ಅವರ ಮೊದಲ ಚಿತ್ರ. ಬಸುರಿಯಾದ ವಿಧವೆ ಯಮುನಳನ್ನು ಊರೆಲ್ಲ ದೂರ ತಳ್ಳುತ್ತದೆ. ಬದುಕಿರುವಾಗಲೇ ಮಡಕೆ ಒಡೆದು ಅವಳ ಶ್ರಾದ್ಧ ಮಾಡುತ್ತಾರೆ. ಮಾಡುವವನು ಹೆತ್ತ ಅಪ್ಪ. ಅವಳ ಜೊತೆ ನಿಂತವನು ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ ಒಬ್ಬನೇ. 2024ರಲ್ಲಿ ಇದನ್ನು ಚೊಕ್ಕ ಮಾಡಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಹೊಸ ಪ್ರತಿ ಎಲ್ಲಾದರೂ ಹಾಕಿದರೆ ಬಸ್ ಹತ್ತಿಯಾದರೂ ಹೋಗಿ.

ಇವನ್ನೆಲ್ಲ ನೋಡಿದರೆ ಏನಾದರೂ ಬದಲಾಗುತ್ತಾ?

ಒಂದು ಸಂಗತಿ ಹೇಳುತ್ತೇನೆ. ‘ತಬರನ ಕಥೆ’ ತೋರಿಸಿದ ದಿನ. ಪೂರ್ಣಚಂದ್ರ ತೇಜಸ್ವಿ ಅವರ ಕಥೆ, ಕಾಸರವಳ್ಳಿ ನಿರ್ದೇಶನ, ತಬರನಾಗಿ ಚಾರುಹಾಸನ್. ಪೆನ್ಷನ್‌ಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಜವಾನ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತದೆ. ದುಡ್ಡಿಲ್ಲದ ತಬರ ಕೊನೆಗೆ ಕಸಾಯಿಯ ಹತ್ತಿರ ಹೋಗಿ ‘ಕಾಲು ಕತ್ತರಿಸಿ ಕೊಡುತ್ತೀಯಾ’ ಅಂತ ಕೇಳುವ ಸ್ಥಿತಿಗೆ ಬರುತ್ತಾನೆ.

ದೀಪ ಹಾಕಿದಾಗ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಒಂದು ಕಚೇರಿಯಲ್ಲಿ ಅಟೆಂಡರ್ ಆಗಿ ನಿವೃತ್ತರಾದವರು. ಪ್ಲಾಸ್ಟಿಕ್ ಕವರಿನಿಂದ ಒಂದು ಕಡತ ತೆಗೆದರು. ಹದಿನಾಲ್ಕು ತಿಂಗಳಿಂದ ಅದನ್ನು ಹಿಡಿದೇ ಓಡಾಡುತ್ತಿದ್ದರಂತೆ. ಸಿನಿಮಾಗೂ ಅದನ್ನು ತಂದಿದ್ದರು, ಯಾಕೆಂದರೆ ಮನೆಯಲ್ಲಿ ಬಿಟ್ಟು ಬಂದರೆ ಕಳೆದುಹೋಗುವ ಭಯ. ನಮ್ಮ ಬಳಗದಲ್ಲಿ ಖಜಾನೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಅಕ್ಕ ಇದ್ದಾರೆ. ಅಲ್ಲೇ ಬೆಂಚಿನ ಮೇಲೆ ಕೂತು ಒಂದೊಂದೇ ಹಾಳೆ ನೋಡಿದರು. ಹುಟ್ಟಿದ ತಾರೀಖು ಎರಡು ಕಡೆ ಎರಡು ಥರ ಬರೆದಿತ್ತು, ಅಷ್ಟೇ. ಅದನ್ನು ಇಷ್ಟು ದಿನ ಯಾರೂ ಅವರಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಸೋಮವಾರ ಅಕ್ಕ ಅವರ ಜೊತೆಗೇ ಹೋದರು. ಎರಡು ತಿಂಗಳಲ್ಲಿ ಪೆನ್ಷನ್ ಬಂತು. ಸಿನಿಮಾ ಪೆನ್ಷನ್ ಕೊಡಿಸಿತು ಅಂತ ನಾನು ಹೇಳುವುದಿಲ್ಲ. ಆದರೆ ಅವತ್ತು ಅವರು ಎದ್ದು ನಿಂತದ್ದು ತಬರನನ್ನು ನೋಡಿದ್ದಕ್ಕೇ.

ನಮ್ಮ ಊರಲ್ಲೂ ಹೀಗೆ ತೋರಿಸಬೇಕು ಅಂದರೆ?

ಮೊದಲು ನಿರ್ಮಾಪಕರಿಗೆ ಇಲ್ಲವೇ ನಿರ್ದೇಶಕರಿಗೆ ಬರೆದು ಅನುಮತಿ ತೆಗೆದುಕೊಳ್ಳಿ. ಟಿಕೆಟ್ ಇಡದಿದ್ದರೂ ಕೇಳಲೇಬೇಕು. ನಾವು ಕೇಳಿದ ಹೆಚ್ಚಿನವರು ಸಂತೋಷದಿಂದ ಒಪ್ಪಿದ್ದಾರೆ, ಇಬ್ಬರು ತಾವೇ ಬಂದು ಮಾತಾಡಿದ್ದಾರೆ. ಪರದೆ ಸಣ್ಣದಾದರೂ ಪರವಾಗಿಲ್ಲ, ಸ್ಪೀಕರ್ ಮಾತ್ರ ಚೆನ್ನಾಗಿರಲಿ. ಹಳೆಯ ಸಿನಿಮಾಗಳಲ್ಲಿ ಮಾತು ಸರಿಯಾಗಿ ಕೇಳಿಸದಿದ್ದರೆ ಹತ್ತು ನಿಮಿಷಕ್ಕೆ ಜನ ಎದ್ದು ಹೋಗುತ್ತಾರೆ. ಮುಗಿದ ಕೂಡಲೇ ಮೈಕ್ ಹಿಡಿಯಬೇಡಿ. ಟೀ ಕೊಡಿ, ಮಾತು ತಾನಾಗಿಯೇ ಬರುತ್ತದೆ.

ಮುಂದಿನ ತಿಂಗಳು ಯಾವುದು?

‘ಫಣಿಯಮ್ಮ’. ಎಂ.ಕೆ. ಇಂದಿರಾ ಅವರ ಕಾದಂಬರಿ, ಪ್ರೇಮಾ ಕಾರಂತ ನಿರ್ದೇಶನ, 1983. ಎಲ್.ವಿ. ಶಾರದಾ ಅಭಿನಯ. ಎಳೆ ವಯಸ್ಸಿನಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಒಂದು ಮಾತೂ ಆಡದೆ ಬದುಕು ಸವೆಸಿದ ಅಜ್ಜಿ. ಮನೆಯ ಇನ್ನೊಬ್ಬ ಹುಡುಗಿ ದಾಕ್ಷಾಯಿಣಿ ವಿಧವೆಯಾದಾಗ ‘ನಾನು ತಲೆ ಕೊಡಲ್ಲ’ ಅಂತ ಹಟ ಹಿಡಿಯುತ್ತಾಳೆ. ಹಿರಿಯರೆಲ್ಲ ಬೈಯುತ್ತಾರೆ. ಕಟ್ಟಳೆಯನ್ನು ಎಲ್ಲರಿಗಿಂತ ಜಾಸ್ತಿ ಪಾಲಿಸಿದ ಫಣಿಯಮ್ಮ ಮಾತ್ರ ಆ ಹುಡುಗಿಯ ಪರ ನಿಲ್ಲುತ್ತಾಳೆ. ಸಂಜೆ ಐದೂವರೆಗೆ ಶುರು. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಕರೆದುಕೊಂಡು ಬನ್ನಿ, ಮುಂದಿನ ಸಾಲಿನಲ್ಲಿ ಒರಗುವ ಕುರ್ಚಿ ಹಾಕಿರುತ್ತೇವೆ.